ಗಾಳಿಯ ನಂಬರು

ಮಿಷನ್ ಮನೆಗೆ ಬಂದ ದಿನ ಅದರ ನಂಬರು ಎಂಟರಲ್ಲಿತ್ತು. ಎಂಟು ಎಂದು ಬರೆದುಕೊಟ್ಟವರು ಆಸ್ಪತ್ರೆಯ ಡಾಕ್ಟರು. ಎಂಟಕ್ಕೆ ಇಟ್ಟುಹೋದವನು ಮಿಷನ್ ಕಂಪನಿಯ ಬಿಂದುಮಾಧವ. ರಾತ್ರಿ ಈ ಬಟನ್, ಬೆಳಿಗ್ಗೆ ಇದೇ ಬಟನ್, ಬೇರೆ ಯಾವುದನ್ನೂ ಮುಟ್ಟಬೇಡಿ ಎಂದು ಹೇಳಿ, ಮನೆಯ ಸೊಸೆ ದಾಕ್ಷಾಯಿಣಿ ಕೊಟ್ಟ ಕಾಫಿ ಕುಡಿದು, ಅವನು ಸಂಜೆಯ ರೈಲಿಗೆ ಬೆಂಗಳೂರಿಗೆ ಹೊರಟುಹೋದ.

ಬಸಮ್ಮ ಮಂಚದ ಮೇಲೆ ಕೂತು ಆ ಬಿಳಿ ಡಬ್ಬವನ್ನೂ ಅದರಿಂದ ಹೊರಟ ಉದ್ದನೆಯ ಪೈಪನ್ನೂ ನೋಡಿದರು. ಪೈಪಿನ ತುದಿಯಲ್ಲಿ ಮೂಗಿಗೆ ಹಾಕಿಕೊಳ್ಳುವ ಮಾಸ್ಕ್ ಇತ್ತು. ಮಾಸ್ಕಿನಿಂದ ಒಂದು ಕಡ್ಡಿ ಮೇಲಕ್ಕೆ ಬಂದು, ಹಣೆಗೆ ಒತ್ತಿ ಕೂರುವ ರಬ್ಬರಿನ ದಿಂಡಿಗೆ ಸೇರಿತ್ತು. ಕಿವಿಯ ಕೆಳಗೊಂದು ಬೆಲ್ಟು, ಹಣೆಯ ಮಟ್ಟದಲ್ಲೊಂದು ಬೆಲ್ಟು.

"ಇದೇನ್ಲಾ ಮಾದೇವ, ನನ್ನ ಜಂಬೂಸವಾರಿಗೆ ಕಳಿಸ್ತೀಯಾ? ಸೊಂಡ್ಲು ಬ್ಯಾರೆ ತಂದಿದ್ದೀಯ" ಎಂದರು ಮಗನಿಗೆ.

"ಹಾಕ್ಕೊಳವ್ವ. ಡಾಕ್ಟ್ರು ಹೇಳವ್ರೆ" ಎಂದ ಮಹದೇವಪ್ರಸಾದ್.

"ಅಜ್ಜಿ, ಅಂಬಾರಿ ನಾನು ತರ್ತೀನಿ" ಎಂದಳು ಮೊಮ್ಮಗಳು ನಿಶ್ಚಿತಾ. ಎಲ್ಲರೂ ನಕ್ಕರು. ದಾಕ್ಷಾಯಿಣಿಗೆ ಮಾತ್ರ ನಗು ಬರಲಿಲ್ಲ.

ಒಂದು ತಿಂಗಳ ಹಿಂದೆ ಬಸಮ್ಮ ಈಳಿಗೆಮಣೆಯ ಮುಂದೆ ಕೂತು ಬದನೆಕಾಯಿ ಹೆಚ್ಚುತ್ತಾ ಹಾಗೆಯೇ ನಿದ್ದೆಹೋಗಿ ಅಂಗೈ ಕುಯ್ದುಕೊಂಡಿದ್ದರು. ಹೊಲಿಗೆ ಹಾಕಿದ ಡಾಕ್ಟರು, ಹೆಚ್ಚುತ್ತಾ ಹೆಚ್ಚುತ್ತಾ ಯಾರಾದರೂ ನಿದ್ದೆ ಮಾಡುತ್ತಾರೇನಮ್ಮ ಎಂದು ಕೇಳಿ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಅವರು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ, ತಲೆಗೆ ಎದೆಗೆ ವೈರು ಅಂಟಿಸಿ ನೋಡಿ, ನಿದ್ದೆಯಲ್ಲಿ ಇವರ ಉಸಿರು ಮತ್ತೆ ಮತ್ತೆ ನಿಂತುಹೋಗುತ್ತಿದೆ, ಹೀಗೇ ಬಿಟ್ಟರೆ ಯಾವತ್ತಾದರೂ ಒಂದು ದಿನ ಹೃದಯ ಕೈಕೊಡುತ್ತದೆ ಎಂದು, ರಾತ್ರಿಯಿಡೀ ಮೂಗಿಗೆ ಗಾಳಿ ಊದಿ ಉಸಿರಿನ ದಾರಿ ತೆರೆದಿಡುವ ಈ ಮಿಷನ್ ಬರೆದುಕೊಟ್ಟರು. ನಂಬರು ಏರಿದಷ್ಟೂ ಗಾಳಿ ಜೋರು.

ಅತ್ತೆಯ ಗೊರಕೆ ಆ ಮನೆಗೆ ಹೊಸದಲ್ಲ. ಮೈಸೂರಿನಂಚಿನ ಹಿನಕಲ್ಲಿನ ಆ ಬೀದಿಗೇ ಹೊಸದಲ್ಲ. ಪಕ್ಕದ ಮನೆಯ ಚೆಲುವಮ್ಮ, "ನಿಮ್ಮತ್ತೆ ಮಲಗಿದ್ರೆ ನಮ್ಮನೆಗೆ ಕಳ್ಳ ಬರಲ್ಲ ಕಣಮ್ಮ" ಎನ್ನುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ದಾಕ್ಷಾಯಿಣಿ ಆ ಸದ್ದಿನಲ್ಲೇ ನಿದ್ದೆ ಮಾಡಿದವಳು. ಆದರೆ ಡಾಕ್ಟರು ಹೇಳಿದ ಮೇಲೆ ಅವಳ ಕಿವಿ ಬೇರೆಯಾಯಿತು. ಈಗ ಅವಳಿಗೆ ಗೊರಕೆ ಕೇಳುತ್ತಿರಲಿಲ್ಲ. ಗೊರಕೆಗಳ ನಡುವಿನ ನಿಲುಗಡೆ ಕೇಳುತ್ತಿತ್ತು.

ಮೊದಲ ಎರಡು ರಾತ್ರಿ ಮಿಷನ್ ಚೆನ್ನಾಗಿ ನಡೆಯಿತು. ಬೆಳಿಗ್ಗೆ ಬಸಮ್ಮ ಎದ್ದು, "ತಲೆ ಅಗುರಾಗದೆ ಕಣೆ" ಎಂದು ಎರಡು ಮುದ್ದೆ ತಿಂದರು. ಆಮೇಲೆ ಗೊರಕೆ ಮತ್ತೆ ಶುರುವಾಯಿತು.

ಆ ತಿಂಗಳು ಪ್ರಸಾದನಿಗೆ ಫ್ಯಾಕ್ಟರಿಯಲ್ಲಿ ಎರಡನೇ ಪಾಳಿ. ಅವನು ಮನೆ ಸೇರುವ ಹೊತ್ತಿಗೆ ಊರು ಮಲಗಿರುತ್ತಿತ್ತು. ಅಲ್ಲಿಯ ತನಕ ಅತ್ತೆಯ ಕೋಣೆಯ ಬಾಗಿಲಲ್ಲಿ ನಿಲ್ಲುವ ಕೆಲಸ ದಾಕ್ಷಾಯಿಣಿಯದು. ಬಸಮ್ಮ ಸಂಜೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಊಟ ಮಾಡಿ ಮಲಗುವವರು. ಪೂಜೆಯಾದ ಮೇಲೆ ಯಾರೂ ಮೈಮುಟ್ಟಕೂಡದು. ಹಾಗಾಗಿ ಮಾಸ್ಕನ್ನೂ ತಾವೇ ಹಾಕಿಕೊಂಡು, ದೀಪ ಆರಿಸಿ, ಗೋಡೆಯ ಕಡೆಗೆ ತಿರುಗುತ್ತಿದ್ದರು. ಹಜಾರದ ಬೆಳಕಿನಲ್ಲಿ ಅವರ ದೊಡ್ಡ ಬೆನ್ನು ಕಾಣುತ್ತಿತ್ತು, ಅಷ್ಟೆ. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಒಂದು ಹಂತದಲ್ಲಿ ಏರಿದ್ದು ಇಳಿಯುತ್ತಿರಲಿಲ್ಲ. ದಾಕ್ಷಾಯಿಣಿ ಬಾಗಿಲ ಚೌಕಟ್ಟನ್ನು ಹಿಡಿದು ನಿಲ್ಲುತ್ತಿದ್ದಳು. ಇನ್ನು ಕೂಗಿಯೇ ಬಿಡಬೇಕು ಎನ್ನುವಾಗ ಅತ್ತೆ ನೀರಿನಿಂದ ತಲೆ ಎತ್ತಿದವರ ಹಾಗೆ ಗೊರ್ ಎಂದು ಉಸಿರೆಳೆಯುತ್ತಿದ್ದರು.

ಪ್ರಸಾದ್ ಬಿಂದುಮಾಧವನಿಗೆ ಫೋನ್ ಮಾಡಿದ. ಅವನು ಮುಂದಿನ ತಿಂಗಳು ಮೈಸೂರಿಗೆ ಬರುವವನು. ಅಲ್ಲಿಯವರೆಗೆ ಒಂದು ನಂಬರು ಏರಿಸಿ ನೋಡಿ ಸಾರ್ ಎಂದು, ಯಾವ ಎರಡು ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು ಎಂದು ಫೋನಿನಲ್ಲೇ ಹೇಳಿಕೊಟ್ಟ. ಪ್ರಸಾದ್ ಒಂಬತ್ತು ಮಾಡಿದ. ಮಾಡುವಾಗ ಹೆಂಡತಿಯನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡ.

"ನೋಡ್ಕೋ. ನಾನಿಲ್ದಾಗ ಬೇಕಾಗ್ಬೋದು."

"ನಂಗ್ಯಾಕ್ರೀ ಇದು? ನಂಗೆ ಮಿಕ್ಸಿ ಬಟನ್ ಒತ್ತಕ್ಕೇ ಭಯ."

"ಮಿಕ್ಸಿಗಿಂತ ಸುಲಭ ಕಣೆ. ಇದರಲ್ಲಿ ಬ್ಲೇಡಿಲ್ಲ."

ಒಂಬತ್ತಕ್ಕೆ ಎರಡು ರಾತ್ರಿ ಗೊರಕೆ ತಗ್ಗಿ ಮತ್ತೆ ಬಂತು. ಮೂರನೆಯ ರಾತ್ರಿ ಬೆನ್ನು ಬಹಳ ಹೊತ್ತು ಏರಿಯೇ ನಿಂತಾಗ ದಾಕ್ಷಾಯಿಣಿ ಒಳಗೆ ಹೋಗಿ, ಆ ಎರಡು ಬಟನ್ ಒತ್ತಿ ಹಿಡಿದು ಹತ್ತು ಮಾಡಿದಳು. ಗಂಡನಿಗೆ ಹೇಳಬೇಕೆಂದುಕೊಂಡಳು. ಅವನು ಸುಸ್ತಾಗಿ ಬಂದು ಊಟ ಮಾಡಿ ಮಲಗಿದ. ಹೇಳಲಿಲ್ಲ. ಮುಂದಿನ ವಾರ ಹನ್ನೊಂದಾಯಿತು. ಅದಕ್ಕೂ ಗೊರಕೆ ಬಗ್ಗಲಿಲ್ಲ. ಹೇಳದೆ ಮಾಡಿದ ಒಂದು ನಂಬರನ್ನು ಹೇಳುವುದು ಸುಲಭ, ಹೇಳದೆ ಮಾಡಿದ ಎರಡನ್ನು ಹೇಳುವುದು ಕಷ್ಟ. ಶ್ರಾವಣ ಬರುವಷ್ಟರಲ್ಲಿ ಹದಿಮೂರಾಗಿತ್ತು.

ಅಡುಗೆಮನೆಯಲ್ಲಿ ಮುದ್ದೆ ತೊಳಸುವಾಗ, ಬಟ್ಟೆ ಒಣಗಿಸುವಾಗ ಅವಳಿಗೆ ಅದೇ ನಂಬರು ಕಾಣುತ್ತಿತ್ತು. ಅತ್ತೆ ಸಾಯಬಾರದು ಎಂದು ಅವಳು ಶಿವನನ್ನು ಬೇಡುತ್ತಿದ್ದಳು. ತನ್ನ ಕೈಯಲ್ಲಿ ಸಾಯಬಾರದು ಎಂದು ಅದಕ್ಕಿಂತ ಹೆಚ್ಚಾಗಿ ಬೇಡುತ್ತಿದ್ದಳು. ಹೀಗೆ ಬೇಡುತ್ತಿದ್ದೇನಲ್ಲ ಎಂಬುದೂ ಅವಳಿಗೆ ಒಂದು ಭಯವೇ ಆಗಿತ್ತು.

ಬಸಮ್ಮನ ಹೊಟ್ಟೆ ಊದಿಕೊಳ್ಳತೊಡಗಿದ್ದು ಆಗಲೇ. ಬೆಳಿಗ್ಗೆ ಎದ್ದರೆ ತೇಗು, ಮಧ್ಯಾಹ್ನವೂ ತೇಗು. ಎರಡು ಮುದ್ದೆ ಒಂದಾಯಿತು, ಒಂದು ಅರ್ಧವಾಯಿತು, ಕೊನೆಗೆ ಒಂದು ಲೋಟ ಗಂಜಿಗೆ ಬಂದು ನಿಂತಿತು. ಕಣ್ಣು ಕೆಂಪಗೆ, ಸದಾ ನೀರು. ಒಂದು ದಿನ ಕಾಂಪೌಂಡಿನ ಹತ್ತಿರ ನಿಂತು ಅವರು ಚೆಲುವಮ್ಮನಿಗೆ ಹೇಳುತ್ತಿದ್ದುದು ಒಗೆಯುವ ಕಲ್ಲಿನ ಹತ್ತಿರವಿದ್ದ ದಾಕ್ಷಾಯಿಣಿಗೂ ಕೇಳಿಸಿತು.

"ನಮ್ ಸೊಸೆ ರಾತ್ರಿ ನಂಗೆ ಗಾಳಿ ತುಂಬ್ತಾಳೆ ಕಣ್ ಚೆಲುವಿ. ಒಂದಿನ ಪಟ್ ಅಂತೀನಿ ನೋಡು."

"ಸುಮ್ನಿರಿ ಬಸಮ್ಮಾರೆ, ಎಂಥ ಮಾತು ಆಡ್ತೀರಿ!"

"ತಮಾಸೆಗ್ ಅಂದೆ ಕಣವ್ವ."

ದಾಕ್ಷಾಯಿಣಿ ಒಗೆಯುತ್ತಿದ್ದ ಸೀರೆಯನ್ನು ಕಲ್ಲಿನ ಮೇಲೆಯೇ ಬಿಟ್ಟು ಒಳಗೆ ಹೋದಳು. ಮತ್ತೆ ಬಂದು ಒಗೆದಳು.

ಶ್ರಾವಣದ ಎರಡನೆಯ ಸೋಮವಾರ ಯಾದವಗಿರಿಯಿಂದ ಬಸಮ್ಮನ ಮಗಳು ಗೌರಾಂಬ ಬಂದಳು. ಅವಳು ಪ್ರಸಾದನ ಅಕ್ಕ. ತಾಯಿಯನ್ನು ತಿಂಗಳಿಗೊಮ್ಮೆ ನೋಡುವವಳಾದ್ದರಿಂದ ದಿನಾ ನೋಡುವವರಿಗೆ ಕಾಣದ್ದು ಅವಳಿಗೆ ಕಂಡಿತು. ಎಲೆಯ ಮುಂದೆ ಕೂತ ಮೇಲೆ ಅವಳ ಕಣ್ಣು ತಾಯಿಯ ಎಲೆಯ ಮೇಲೆಯೇ.

"ಯಾಕವ್ವ, ಕಾಯಿಕಡುಬು ಮುರೀಲೇ ಇಲ್ವಲ್ಲ?"

"ಎಲ್ಲಿಗ್ ಆಕ್ಲವ್ವ? ಒಟ್ಟೆ ತುಂಬ ಗಾಳಿ ಅದೆ. ರಾತ್ರಿಯೆಲ್ಲ ತುಂಬಿಸ್ಕತೀನಿ, ಅಗಲೆಲ್ಲ ತೇಗ್ತೀನಿ."

"ಹೊಟ್ಟೆ ನೋಡು, ತಮಟೆ ಆಗಿದೆ. ಪ್ರಸಾದಾ, ಆ ಮಿಷನ್ ಎಷ್ಟಕ್ಕಿಟ್ಟಿದ್ದೀಯ?"

"ಒಂಬತ್ತು. ಒಂದೇ ಏರ್ಸಿರೋದು ಅಕ್ಕ" ಎಂದ ಅವನು ಮಜ್ಜಿಗೆಹುಳಿ ಕಲಸುತ್ತಾ.

ಬಡಿಸುತ್ತಿದ್ದ ದಾಕ್ಷಾಯಿಣಿಯ ಕೈಯಲ್ಲಿ ಸೌಟು ನಿಂತಿತು. ಗೌರಾಂಬ ಎಂಜಲು ಕೈಯಲ್ಲೇ ಎದ್ದು ಕೋಣೆಗೆ ಹೋದಳು. ಎಡಗೈಯಿಂದ ಬಟನ್ ಒತ್ತಿದಳು. ಅಲ್ಲಿಂದಲೇ ಕೂಗಿದಳು.

"ಹದಿಮೂರು ಅಂತ ತೋರಿಸ್ತಿದೆ ಕಣೋ!"

ಪ್ರಸಾದ್ ಹೆಂಡತಿಯ ಮುಖ ನೋಡಿದ.

"ಉಸಿರು ನಿಲ್ತಿತ್ತು ರೀ" ಎಂದಳು ದಾಕ್ಷಾಯಿಣಿ. "ನೀವು ಇರ್ತಿರಲಿಲ್ಲ. ನಾನೊಬ್ಳೇ ಏನ್ ಮಾಡ್ಲಿ?"

"ನಂಗೆ ಹೇಳ್ಬೇಕು ತಾನೆ? ಒಂಬತ್ತು ಅಂದ್ರೆ ಹದಿಮೂರು ಮಾಡು ಅಂದ್ನಾ?"

"ಬೇಕಾದಾಗ ಮಾಡು ಅಂತ ತೋರ್ಸಿದ್ದು ನೀವೇ."

"ತೋರ್ಸಿದ್ದು ತಪ್ಪಾಯ್ತು ಬುಡು."

ಗೌರಾಂಬ ಬಾಗಿಲಲ್ಲಿ ಬಂದು ನಿಂತಳು. ಅವಳ ದನಿ ಏರಿರಲಿಲ್ಲ. "ನೋಡು ದಾಕ್ಷಾಯಿಣಿ, ನಾನು ಕೆಟ್ಟ ಮಾತು ಆಡೋಳಲ್ಲ. ಆದ್ರೆ ನಾಳೆ ನಮ್ಮವ್ವಂಗೆ ಏನಾದ್ರೂ ಆದ್ರೆ ಯಾರೂ ಡಾಕ್ಟರನ್ನ ಕೇಳಲ್ಲ. ಬಟನ್ ಒತ್ತಿದ್ದು ಯಾರು ಅಂತ ಕೇಳ್ತಾರೆ. ಮೊದ್ಲು ನಾನೇ ಕೇಳ್ತೀನಿ."

"ಅತ್ತೆ, ನೀವೊಂದು ರಾತ್ರಿ ಬಂದು ಅಜ್ಜಿ ಪಕ್ಕ ಇದ್ದು ನೋಡಿ, ಗೊತ್ತಾಗುತ್ತೆ" ಎಂದಳು ನಿಶ್ಚಿತಾ.

"ಪಿಯುಸಿ ಓದೋಳು ಪಿಯುಸಿ ಓದು."

ಬಸಮ್ಮ ತಮ್ಮ ಎಲೆಯನ್ನು ಮಡಿಸಿದರು. ಸೊಸೆಯ ಪರವಾಗಿಯೂ ಮಾತಾಡಲಿಲ್ಲ, ಮಗಳ ಪರವಾಗಿಯೂ ಮಾತಾಡಲಿಲ್ಲ. ಎದ್ದು ಹೋಗುವಾಗ ಒಂದೇ ಮಾತು ಹೇಳಿದರು. "ಇವತ್ತಿಂದ ಅದು ಬ್ಯಾಡ."

ಮಿಷನ್ನಿನ ಮೇಲೆ ಟವಲು ಬಿತ್ತು. ಗೌರಾಂಬ ಹೋದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಪ್ರಸಾದ್ ಊಟ ಕೇಳುತ್ತಿದ್ದ, ಲುಂಗಿ ಎಲ್ಲಿ ಎಂದು ಕೇಳುತ್ತಿದ್ದ, ಬೇರೇನೂ ಕೇಳುತ್ತಿರಲಿಲ್ಲ. ಬಸಮ್ಮನ ಹೊಟ್ಟೆ ಇಳಿಯಿತು, ಮುದ್ದೆ ಒಳಗೆ ಹೋಯಿತು. "ನೋಡಿದ್ಯಾ?" ಎಂದು ಪ್ರಸಾದ್ ಒಮ್ಮೆ ಅಂದ. ಆದರೆ ಗೊರಕೆ ಹಿಂದೆಂದೂ ಇಲ್ಲದಷ್ಟು ಜೋರಾಯಿತು, ನಡುವಿನ ನಿಲುಗಡೆ ಉದ್ದವಾಯಿತು. ದಾಕ್ಷಾಯಿಣಿ ಈಗಲೂ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಒತ್ತಲು ಈಗ ಯಾವ ಬಟನ್ನೂ ಇರಲಿಲ್ಲ.

ಒಂದು ಬೆಳಿಗ್ಗೆ ಅವಳು ಹೊಸಿಲಿಗೆ ರಂಗೋಲಿ ಹಾಕುತ್ತಿದ್ದಾಗ ಹಾಲು ಸೀದ ವಾಸನೆ ಬಂತು. ಬೆಳಗಿನ ಹಾಲು ಕಾಯಿಸುವುದು ಅತ್ತೆಯ ಕೆಲಸ, ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ದಾಕ್ಷಾಯಿಣಿ ಒಳಗೆ ಓಡಿದಳು. ಬಸಮ್ಮ ಕಟ್ಟೆಗೆ ಒರಗಿ ನಿಂತಿದ್ದರು. ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು. ಹಾಲು ಉಕ್ಕಿ ಒಲೆಯ ಸುತ್ತ ಕಪ್ಪಾಗಿತ್ತು, ಸೆರಗಿನ ತುದಿ ಉರಿಯ ಪಕ್ಕದಲ್ಲಿ ಕಂದುಬಣ್ಣಕ್ಕೆ ತಿರುಗಿ ಸಣ್ಣಗೆ ಹೊಗೆಯಾಡುತ್ತಿತ್ತು. ದಾಕ್ಷಾಯಿಣಿ ಸೆರಗನ್ನು ಹಿಡಿದು ಎಳೆದು ಅಂಗೈಯಲ್ಲಿ ಹೊಸಕಿ, ಗ್ಯಾಸ್ ಆರಿಸಿದಳು. ಆ ಎಳೆತಕ್ಕೆ ಬಸಮ್ಮನಿಗೆ ಎಚ್ಚರವಾಯಿತು.

"ಯಾಕೇ ಅಂಗ್ ಎಳೀತೀಯ?"

"ನಿದ್ದೆ ಮಾಡ್ತಿದ್ರಿ ಅತ್ತೆ. ಸೆರಗು ಹತ್ಕೊಳ್ತಿತ್ತು."

"ನಿದ್ದೆ ಮಾಡ್ನಿಲ್ಲ. ಕಣ್ಮುಚ್ಚಿದ್ದೆ ಅಷ್ಟೆಯ" ಎಂದರು. ಆಮೇಲೆ ಸೀದ ಸೆರಗನ್ನು ನೋಡಿದರು. ಒಲೆಯನ್ನು ನೋಡಿದರು. ಕೆಳಗೆ ಕೂತುಬಿಟ್ಟರು.

ಪ್ರಸಾದನಿಗೆ ಹೇಳಿದಾಗ ಅವನು ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದ. ಡಾಕ್ಟರು ಗುರುವಾರ ಬರುತ್ತಾರೆ, ಅವರು ಬರೆದಿರುವುದು ಎಂಟು, ಎಂಟಕ್ಕೇ ಇಟ್ಟು ಇವತ್ತಿಂದಲೇ ಹಾಕಿ, ಬಿಡಬೇಡಿ ಎಂದು ಅಲ್ಲಿಂದ ಹೇಳಿದರು. ಅವನು ಎಂಟು ಮಾಡಿ ಪಾಳಿಗೆ ಹೋದ. ಆದರೆ ಬಸಮ್ಮ ಮಾಸ್ಕ್ ಮುಟ್ಟಲು ಒಪ್ಪಲಿಲ್ಲ.

"ಎಂಟೋ ಹದಿಮೂರೋ, ಅದರ ಸಂಕಟ ನಿಮಗೇನ್ ಗೊತ್ತು? ಕಣ್ಣಿಗೆಲ್ಲ ಗಾಳಿ ನುಗ್ತದೆ. ನೀನ್ ಆಕ್ಕೊಂಡು ನೋಡಿದ್ದೀಯೇನೇ ಒಂದಿನ?"

ದಾಕ್ಷಾಯಿಣಿ ಮಧ್ಯಾಹ್ನದ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಅತ್ತೆಯ ಕೋಣೆಗೆ ಬಂದಳು.

"ಏಳಿ ಅತ್ತೆ. ನಾನು ಹಾಕ್ಕೊಂಡು ಮಲಗ್ತೀನಿ."

ಬಸಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ಎದ್ದು ಕುರ್ಚಿಯಲ್ಲಿ ಕೂತರು. "ಆಕ್ಕೋ ಮತ್ತೆ. ನೋಡ್ತೀನಿ."

ಅತ್ತೆ ಇದುವರೆಗೆ ಅನುಭವಿಸಿದ್ದನ್ನೇ ನೋಡಬೇಕೆಂದು ದಾಕ್ಷಾಯಿಣಿ ನಂಬರನ್ನು ಮತ್ತೆ ಹದಿಮೂರಕ್ಕೆ ಏರಿಸಿದಳು. ಆ ಮಂಚದ ಮೇಲೆ ಅವಳು ಎಂದೂ ಮಲಗಿದವಳಲ್ಲ. ಅತ್ತೆ ಇಟ್ಟಿದ್ದ ಹಾಗೆಯೇ ಬೆಲ್ಟನ್ನು ತಲೆಗೆ ಹಾಕಿಕೊಂಡಳು. ಬಟನ್ ಒತ್ತಿದಳು. ಗಾಳಿ ಬಂತು. ಮೊದಲು ಮೆಲ್ಲಗೆ, ಆಮೇಲೆ ಯಾರೋ ಮೂಗಿನೊಳಗೆ ಕೈಯಿಟ್ಟು ನೂಕಿದ ಹಾಗೆ. ಉಸಿರು ಬಿಡಲು ಹೋದರೆ ಬಿಡಲು ಕೊಡುತ್ತಿಲ್ಲ. ಬಾಯಿ ತೆರೆದರೆ ಬಾಯಿಂದಲೂ ಗಾಳಿ. ಮೂಗಿನ ಬುಡದಿಂದ ಸೋರಿ ಎರಡು ಕಣ್ಣಿಗೂ ನುಗ್ಗುತ್ತಿತ್ತು. ಅವಳು ಒಂದು ಗುಟುಕು ಗಾಳಿ ನುಂಗಿದಳು, ಇನ್ನೊಂದು ನುಂಗಿದಳು. ಇದನ್ನು ಪ್ರತಿ ರಾತ್ರಿ ನಾನು ಇವರಿಗೆ ಮಾಡಿದೆನೇ ಎನಿಸಿತು. ಮಾಸ್ಕನ್ನು ಕಿತ್ತು ಎದ್ದು ಕೂತಳು. ಕಣ್ಣಲ್ಲಿ ನೀರು.

"ಈಗ ಗೊತ್ತಾಯ್ತಾ?" ಎಂದರು ಬಸಮ್ಮ. ದನಿಯಲ್ಲಿ ಗೆಲುವಿರಲಿಲ್ಲ.

ದಾಕ್ಷಾಯಿಣಿ ಮಾಸ್ಕನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಕೆಳಗಿನ ಬೆಲ್ಟು ಬಿಗಿಯಾಗಿತ್ತು. ಹಣೆಯ ಬೆಲ್ಟು ಪೂರ್ತಿ ಸಡಿಲವಾಗಿ ಜೋತಾಡುತ್ತಿತ್ತು. ಹಣೆಗೆ ಕೂರಬೇಕಾದ ದಿಂಡು ಹಣೆಯನ್ನು ಮುಟ್ಟುತ್ತಲೇ ಇರಲಿಲ್ಲ, ಅದಕ್ಕೇ ಮಾಸ್ಕಿನ ಮೇಲಂಚು ಎದ್ದು ನಿಂತು ಗಾಳಿಯೆಲ್ಲ ಕಣ್ಣಿಗೆ ಸೋರುತ್ತಿತ್ತು. ಅವಳು ಹಣೆಯ ಬೆಲ್ಟನ್ನು ಎಳೆದು ಬಿಗಿ ಮಾಡಿ, ನಂಬರನ್ನು ಎಂಟಕ್ಕೆ ಇಳಿಸಿ, ಇನ್ನೊಮ್ಮೆ ಹಾಕಿಕೊಂಡಳು. ಸೋರುವುದು ನಿಂತಿತು. ಉಸಿರಾಡಲು ಆಗುತ್ತಿತ್ತು.

"ಅತ್ತೆ, ಈ ಮೇಲಿನ ಬೆಲ್ಟು ಸಡಿಲ ಮಾಡಿದ್ಯಾರು?"

"ನಾನೇ."

"ಯಾಕೆ? ಇದು ಸಡಿಲ ಇದ್ರೆ ಎಷ್ಟು ಗಾಳಿ ಬಿಟ್ರೂ ಸೋರೋಗುತ್ತೆ. ಅದಕ್ಕೇ ನಾನು ಏರಿಸಿದ್ದು, ಏರಿಸಿದ್ದು..."

ಬಸಮ್ಮ ಕಿಟಕಿಯ ಕಡೆ ನೋಡಿದರು. "ವಿಭೂತಿ ಅಳಿಸ್ತದೆ ಕಣೆ."

"ಏನಂದ್ರಿ?"

"ಆ ರಬ್ಬರು ಅಣೆ ಮ್ಯಾಲೆ ಕೂತ್ಕಂಡು ವಿಭೂತಿನೆಲ್ಲ ಒರಸ್ಬುಡ್ತದೆ. ಮೊದ್ಲೆರಡು ದಿನ ಬೆಳಗ್ಗೆದ್ದು ಕನ್ನಡಿ ನೋಡ್ಕಂಡೆ. ಬೋಳು ಅಣೆ. ಮೂರ್ನೇ ದಿನ್ದಿಂದ ಸಡಿಲ ಬುಟ್ಟೆ."

"ಬೆಳಿಗ್ಗೆ ಎದ್ದು ಮತ್ತೆ ಹಚ್ಕೋಬೋದಲ್ವಾ ಅತ್ತೆ?"

"ಏಳ್ತೀನಿ ಅಂತ ಯಾರ್ ಅಂದ್ರು ನಿಂಗೆ?" ಬಸಮ್ಮ ಅವಳ ಕಡೆ ತಿರುಗಿದರು. "ಉಸಿರು ನಿಂತೋಯ್ತದೆ ಅಂತ ಡಾಕ್ಟ್ರು ಅಂದ ದಿನ್ದಿಂದ ಬೆಳಗ್ಗೆ ಏಳ್ತೀನಿ ಅನ್ಕಂಡು ನಾನು ಮಲಗೇ ಇಲ್ಲ. ನಿಮ್ ಮಾವನ್ನ ನೋಡ್ನಿಲ್ವಾ? ಆಸ್ಪತ್ರೇಲಿ ಅಣೆ ಒರಸಿ ಅದೇನೋ ಅಂಟ್ಸಿದ್ರು. ಪ್ರಾಣ ಓಗೋ ಗಳಿಗೇಲಿ ಅವರ ಅಣೆ ಮ್ಯಾಲೆ ಒಂದು ಗೆರೆ ವಿಭೂತಿ ಇರ್ನಿಲ್ಲ. ಆಮ್ಯಾಕೆ ಮೈಯೆಲ್ಲ ಬಳದ್ರಿ. ಆಮ್ಯಾಕೆ ಬಳದ್ರೆ ಏನ್ ಬಂತು?"

ಮಾವ ಗುರುಮಲ್ಲಪ್ಪ ಲಿಂಗೈಕ್ಯರಾಗಿ ಆರು ವರ್ಷವಾಗಿತ್ತು. ಅತ್ತೆ ಈ ಮಾತನ್ನು ಇದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ. ದಾಕ್ಷಾಯಿಣಿ ಮಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಇವಳು ಬಾಗಿಲಾಚೆ ನಿಂತು ಹೆದರುತ್ತಿದ್ದಾಗ ಅವರು ಗೋಡೆಯ ಕಡೆ ತಿರುಗಿ ಹೆದರುತ್ತಿದ್ದರು.

"ನಂಗೂ ಭಯ ಅತ್ತೆ" ಎಂದಳು. "ಎಂಟಕ್ಕೆ ಇಟ್ಟು ಏನಾದ್ರೂ ಆದ್ರೆ ಕಡಿಮೆ ಮಾಡಿದ್ಯಾಕೆ ಅಂತಾರೆ. ಹದಿಮೂರಕ್ಕಿಟ್ರೆ ಜಾಸ್ತಿ ಮಾಡಿದ್ಯಾಕೆ ಅಂದ್ರು. ಗೌರಕ್ಕ ಅಂದಿದ್ದು ನೀವೂ ಕೇಳಿದ್ರಿ. ಕೇಳ್ಕೊಂಡು ಸುಮ್ಮನೆ ಎದ್ದೋದ್ರಿ."

ಬಸಮ್ಮ ಸೊಸೆಯ ತೊಡೆಯ ಮೇಲಿದ್ದ ಮಾಸ್ಕನ್ನು ಎತ್ತಿಕೊಂಡರು. ಆಮೇಲೆ, "ಬಿಗಿಯಾಗಿ ಕಟ್ಕತೀನಿ. ಆದ್ರೆ ನೀನು ಈ ಕೋಣೇಲೇ ಮಲಗ್ಬೇಕು" ಎಂದರು. "ನಂಗೇನಾದ್ರೂ ಆಯ್ತದೆ ಅನ್ನುಸ್ತು ಅಂದ್ರೆ ಮೊದ್ಲು ಇದನ್ನ ಕಿತ್ತಾಕಿ ಅಣೆಗೆ ವಿಭೂತಿ ಎಳಿ. ಆಮ್ಯಾಕೆ ಡಾಕ್ಟ್ರನ್ನ ಕೂಗು."

"ಮೊದ್ಲು ಡಾಕ್ಟ್ರು ಅತ್ತೆ."

"ಮೊದ್ಲು ವಿಭೂತಿ."

"ಬಲಗೈಲಿ ವಿಭೂತಿ, ಎಡಗೈಲಿ ಫೋನು. ಇದಕ್ಕಿಂತ ಇಳಿಯೋಳಲ್ಲ ನಾನು."

"ಸಂತೆಪೇಟೇಲಿ ಬೆಲ್ಲ ಮಾರೋ ಅಂಗೆ ಚೌಕಾಸಿ ಮಾಡ್ತೀಯಲ್ಲೇ" ಎಂದರು ಬಸಮ್ಮ. "ಆಯ್ತು ಬುಡು."

ಸಂಜೆ ಅವರೇ ಫೋನಿನ ಹತ್ತಿರ ಹೋಗಿ ಯಾದವಗಿರಿಗೆ ಹಚ್ಚಿಕೊಡು ಎಂದು ನಿಶ್ಚಿತಾಗೆ ಹೇಳಿದರು. ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಮಾತಾಡಿದರು.

"ಗೌರಿ, ಕೇಳಿಸ್ಕೋ. ಬೆಲ್ಟು ಸಡಿಲ ಮಾಡಿದ್ದು ನಾನು. ಅದು ತಿಳೀದೆ ಇವಳು ಗಾಳಿ ಏರಿಸಿದ್ಲು. ಈಗ ಡಾಕ್ಟ್ರು ಏಳ್ದಂಗೆ ಎಂಟಕ್ಕಿಡು ಅಂತ ನಾನೇ ಏಳಿವ್ನಿ. ರಾತ್ರಿ ನನ್ನ ಪ್ರಾಣ ಓದ್ರೆ ಓಯ್ತು. ಅವಳ್ನ ಯಾರೂ ಒಂದ್ ಮಾತು ಕೇಳಕೂಡ್ದು. ನೀನೂವೆ." ಆ ಕಡೆಯಿಂದ ಗೌರಾಂಬ ಏನೋ ಹೇಳಿದಳು. "ಅಳಬ್ಯಾಡ. ನಾಡಿದ್ದು ಬಾ. ಬರ್ತಾ ರಸಬಾಳೆ ತಾ" ಎಂದು ಬಸಮ್ಮ ಇಟ್ಟುಬಿಟ್ಟರು.

ಆ ರಾತ್ರಿ ದಾಕ್ಷಾಯಿಣಿ ಮಂಚದ ಪಕ್ಕದಲ್ಲಿ ಚಾಪೆ ಹಾಸಿದಳು. ಬಸಮ್ಮ ಹಣೆಯ ಬೆಲ್ಟನ್ನು ಅವಳ ಕೈಯಿಂದಲೇ ಬಿಗಿ ಮಾಡಿಸಿಕೊಂಡರು. ಪೂಜೆಯಾದ ಮೇಲೆ ಸೊಸೆಯ ಕೈ ಅವರ ಮೈಗೆ ತಾಗಿದ್ದು ಅದೇ ಮೊದಲು. ವಿಭೂತಿಯ ಗೆರೆಗಳ ಮೇಲೆ ರಬ್ಬರು ಕೂರುವಾಗ ಅವರು ಕಣ್ಣು ಮುಚ್ಚಿಕೊಂಡರು. ಮಿಷನ್ ಎಂಟು ಎಂದು ತೋರಿಸಿತು.

ಗೊರಕೆ ಬರಲಿಲ್ಲ. ಒಂದು ಹೊತ್ತಾಯಿತು, ಇನ್ನೊಂದು ಹೊತ್ತಾಯಿತು, ಬರಲೇ ಇಲ್ಲ. ಮಿಷನ್ನಿನ ಸಣ್ಣ ಮೊರೆತ ಬಿಟ್ಟರೆ ಕೋಣೆಯಲ್ಲಿ ಸದ್ದೇ ಇಲ್ಲ. ಇಷ್ಟು ವರ್ಷಗಳಲ್ಲಿ ಈ ಕೋಣೆಯ ನಿಶ್ಶಬ್ದವನ್ನು ದಾಕ್ಷಾಯಿಣಿ ಇಷ್ಟು ಹತ್ತಿರದಿಂದ ಕೇಳಿರಲಿಲ್ಲ. ಗೊರಕೆಯಿದ್ದಾಗ ನಿಂತರೆ ತಿಳಿಯುತ್ತಿತ್ತು. ಈಗ ಇರುವುದೂ ನಿಂತದ್ದೂ ಒಂದೇ ಥರ. ಬೆನ್ನು ಏರುತ್ತಿದೆಯೇ ಎಂದು ನೋಡಿದಳು. ಕತ್ತಲಲ್ಲಿ ಗೊತ್ತಾಗಲಿಲ್ಲ. ಮೊಣಕಾಲೂರಿ ಎದ್ದು, ಉಸಿರು ಬಿಗಿಹಿಡಿದು, ಅತ್ತೆಯ ಪಕ್ಕೆಯ ಮೇಲೆ ಅಂಗೈ ಇಟ್ಟಳು.

"ಇನ್ನೂ ಓಗಿಲ್ಲ ಕಣೆ" ಎಂದರು ಬಸಮ್ಮ ಮಾಸ್ಕಿನ ಒಳಗಿಂದ, ಬಾಯಿಂದ ಬುಸ್ ಎಂದು ಗಾಳಿ ಬಿಡುತ್ತಾ. "ಕೈ ತಣ್ಣಗದೆ. ತಗಿ."

ದಾಕ್ಷಾಯಿಣಿ ಕೈಯನ್ನು ತನ್ನ ಸೆರಗಿನಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮತ್ತೆ ಅಲ್ಲಿಯೇ ಇಟ್ಟಳು.